ಗೆದ್ದಲು ತಿಂದ ದಾರಂದ: ದುಡ್ಡು ಯಾರ ಹತ್ತಿರ ಕೇಳುವುದು?

ಕಳೆದ ವರ್ಷ ಮೇ ಕೊನೆಯಲ್ಲಿ, ಮಳೆಗೆ ಮುಂಚೆ ಮನೆ ಒರೆಸುವಾಗ, ಮಲಗುವ ಕೋಣೆಯ ದಾರಂದಕ್ಕೆ, ಅಂದರೆ ಬಾಗಿಲಿನ ಚೌಕಟ್ಟಿಗೆ, ನನ್ನ ಹೆಬ್ಬೆರಳು ತಾಗಿ ಒಳಗೇ ಹೋಯಿತು. ಹೊರಗೆ ಪೈಂಟ್ ಫಳಫಳ ಹೊಳೆಯುತ್ತಿತ್ತು. ಒಳಗೆ ಮರದ ಬದಲು ಮಣ್ಣು. ಪಕ್ಕದ ಕಪಾಟಿನ ಹಿಂಬದಿಯ ಪ್ಲೈವುಡ್ಡೂ ಹಾಗೇ. ಮಂಗಳೂರಿನ ಕುಲಶೇಖರದ ಕಡೆ ಇರುವ ನಮ್ಮ ಮನೆಗೆ ಆಗ ನಾಲ್ಕು ವರ್ಷ ತುಂಬಿರಲಿಲ್ಲ. ಪಂಚಾಂಗ (ಮನೆಯ ಅಡಿಪಾಯ) ಕಟ್ಟುವಾಗಲೇ ಗೆದ್ದಲಿನ ಮದ್ದು ಹೊಡೆಸಿದ್ದೆವು. ಐದು ವರ್ಷದ ವಾರಂಟಿ ಕಾರ್ಡೂ ಇತ್ತು.

ಮರದ ಕೆಲಸದ ಆಚಾರ್ರು ಬಂದು ನೋಡಿ, "ಇದನ್ನು ಇವತ್ತೇ ಕಿತ್ತು ಸುಟ್ಟುಬಿಡುವ" ಎಂದರು. ನಾನೂ ಹೂಂ ಎಂದೆ. ಅಷ್ಟರಲ್ಲಿ ವಕೀಲರಾಗಿರುವ ನಮ್ಮ ಭಾವ ಫೋನಿನಲ್ಲಿ, "ಮಾರಾಯ, ಸುಟ್ಟ ಮೇಲೆ ಯಾರಿಗೆ ಏನು ತೋರಿಸ್ತೀಯ?" ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ನಮಗೆ ಹೆಚ್ಚುಕಮ್ಮಿ ಅರ್ಧ ಖರ್ಚು ವಾಪಸ್ ಬಂತು. ಆಮೇಲೆ ನೆಂಟರು, ನೆರೆಯವರು ಇದೇ ವಿಷಯ ಕೇಳಲು ಶುರು ಮಾಡಿದರು. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಇಲ್ಲಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಗೆದ್ದಲಿನ ನಷ್ಟಕ್ಕೆ ದುಡ್ಡು ಕೊಡುವ ಸರಕಾರಿ ಯೋಜನೆ ಇಲ್ಲ, ಇನ್ಶೂರೆನ್ಸೂ ಸಾಮಾನ್ಯವಾಗಿ ಕೊಡುವುದಿಲ್ಲ. ನಿಮ್ಮಿಂದ ದುಡ್ಡು ತಗೊಂಡು "ಗೆದ್ದಲು ಬರುವುದಿಲ್ಲ" ಎಂದು ಮಾತು ಕೊಟ್ಟವರು ಯಾರಾದರೂ ಇದ್ದರೆ, ದಾರಿ ಅವರ ಕಡೆಗೇ ಹೋಗುತ್ತದೆ. ಆ ಮಾತು ಕಾಗದದಲ್ಲಿ ಇದೆಯಾ ಎಂಬುದೇ ಎಲ್ಲದಕ್ಕೂ ಮುಖ್ಯ.

1. ಕೀಳುವ ಮೊದಲು ದಾಖಲೆ ಮಾಡಿ

ಮದ್ದು ಹೊಡೆಯುವವರನ್ನೂ ಆಚಾರ್ರನ್ನೂ ಎರಡು ದಿನ ತಡೆಯಿರಿ. ಗೆದ್ದಲು ಎರಡು ದಿನದಲ್ಲಿ ಮನೆ ಬೀಳಿಸುವುದಿಲ್ಲ.

ಮೊಬೈಲಿನಲ್ಲಿ ವಿಡಿಯೊ ಮಾಡಿ. ಮನೆಯ ಹೊರಗಿನಿಂದ ಶುರು ಮಾಡಿ, ಒಳಗೆ ಬಂದು, ಯಾವ ಕೋಣೆ, ಯಾವ ಗೋಡೆ ಎಂದು ಬಾಯಲ್ಲಿ ಹೇಳುತ್ತಾ ಹೋಗಿ. ಗೋಡೆ ಮೇಲೆ ಹತ್ತಿದ ಮಣ್ಣಿನ ಕೊಳವೆ ಇದೆಯಲ್ಲ, ಅದನ್ನು ಹತ್ತಿರದಿಂದ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಆ ಕೊಳವೆ ನೆಲದ ಯಾವ ಸಂದಿಯಿಂದ ಹೊರಟಿದೆ ಎಂದು ಹುಡುಕಿ, ಅದರ ಫೋಟೊ ಬೇಕೇ ಬೇಕು. ನೆಲದಿಂದ ಬಂದಿದ್ದರೆ ಮಣ್ಣಿಗೆ ಹೊಡೆದ ಮದ್ದು ಕೆಲಸ ಮಾಡಿಲ್ಲ ಎಂದು ವಾದಿಸಲು ಅದೇ ಆಧಾರ. ತಿಂದ ಮರದ ಒಂದು ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹುಳ ಸಿಕ್ಕರೆ ಸಣ್ಣ ಶೀಶೆಯಲ್ಲಿ ಸ್ವಲ್ಪ ಸ್ಯಾನಿಟೈಸರ್ ಹಾಕಿ ಅದರಲ್ಲಿ ಹಾಕಿಡಿ.

ಇದು ನಿಜವಾಗಿ ಗೆದ್ದಲೇ ಎಂದೂ ನೋಡಿಕೊಳ್ಳಿ. ನಮ್ಮ ಕಡೆ ಹಿರಿಯರು ಒರಲೆ ಎನ್ನುವ ಈ ಹುಳ ಮಣ್ಣು ತಂದು ಮೆತ್ತುತ್ತದೆ. ಮರದಲ್ಲಿ ಸೂಜಿಯಷ್ಟು ತೂತು, ಕೆಳಗೆ ಹಿಟ್ಟಿನಂಥ ನುಣುಪು ಪುಡಿ ಕಂಡರೆ ಅದು ಮರ ಕೊರೆಯುವ ಬೇರೆ ಹುಳ, ಬೋರರ್. ಗೆದ್ದಲಿನ ವಾರಂಟಿ ಹಿಡಿದುಕೊಂಡು ಬೋರರ್ ಬಗ್ಗೆ ಜಗಳಕ್ಕೆ ಹೋದರೆ ಮೊದಲ ಮಾತಿನಲ್ಲೇ ಸೋಲುತ್ತೀರಿ.

ಮುಂದೆ, ಮೂರನೆಯವರ ಕಣ್ಣಿನಿಂದ ಒಂದು ವರದಿ. ಮೊದಲು ಮದ್ದು ಹೊಡೆದ ಕಂಪನಿ ಬಿಟ್ಟು ಬೇರೆ ಕಂಪನಿಯವರಿಂದ ಲೆಟರ್‌ಹೆಡ್ಡಿನಲ್ಲಿ ಪರಿಶೀಲನಾ ವರದಿ ಬರೆಸಿ. ನಷ್ಟ ಜಾಸ್ತಿ ಇದ್ದರೆ ಸಿವಿಲ್ ಎಂಜಿನಿಯರ್ ವರದಿ ಮಾಡಿಸಿ. ಫೀಸ್ ಆಗುತ್ತದೆ, ಆದರೆ ಕೊನೆಗೆ ತೂಕ ಬರುವುದು ಅದಕ್ಕೇ. ಆಚಾರ್ರಿಂದ ರಿಪೇರಿ ಎಸ್ಟಿಮೇಟನ್ನೂ ಕಾಗದದಲ್ಲಿ ತಗೊಳ್ಳಿ: ಮರ ಎಷ್ಟು, ಕೂಲಿ ಎಷ್ಟು, ಪಾಲಿಶ್ ಎಷ್ಟು ಎಂದು ಬೇರೆ ಬೇರೆ. "ಒಟ್ಟು ಒಂದು ಲಕ್ಷ ಆದೀತು" ಎಂಬ ಬಾಯಿಮಾತಿಗೆ ಬೆಲೆ ಇಲ್ಲ.

ಇಲ್ಲಿ ಒಂದು ಕತೆ ಹೇಳಲೇಬೇಕು. ನಮ್ಮ ಹಿಂದಿನ ಮನೆಯ ಅಂಕಲ್ ವಾರಂಟಿ ಕಾರ್ಡು, ಬಿಲ್ಲು ಎಲ್ಲ ಜೋಪಾನವಾಗಿ ಮರದ ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದರು. ಗೆದ್ದಲು ಮೊದಲು ತಿಂದದ್ದು ಅದನ್ನೇ. ಈಗ ನಗುತ್ತಾರೆ, ಆಗ ನಕ್ಕಿರಲಿಲ್ಲ. ಕಾರ್ಡು ಕಳೆದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟು, ಗೂಗಲ್ ಪೇ ದಾಖಲೆ, ವಾಟ್ಸಾಪ್ ಮಾತುಕತೆ, ಹಳೆಯ ಎಸ್‌ಎಂಎಸ್ ಹುಡುಕಿ. ದುಡ್ಡು ಕೊಟ್ಟದ್ದಕ್ಕೂ ಏನಕ್ಕೆ ಕೊಟ್ಟದ್ದು ಎಂಬುದಕ್ಕೂ ಅವು ಸಾಕ್ಷಿಯಾಗುತ್ತವೆ.

2. ಇನ್ಶೂರೆನ್ಸ್: ಹೆಚ್ಚು ಆಸೆ ಬೇಡ, ಒಮ್ಮೆ ಓದಿ ನೋಡಿ

ಗೃಹ ಸಾಲ ತಗೊಂಡ ಹಲವರಿಗೆ ಬ್ಯಾಂಕಿನವರು ಮನೆ ವಿಮೆ ಮಾಡಿಸಿರುತ್ತಾರೆ. ಈಗ ಹೆಚ್ಚಿನವರ ಹತ್ತಿರ ಇರುವುದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಬಂದ ಪಾಲಿಸಿ ಇದು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಗುಡ್ಡ ಕುಸಿತ, ನೀರಿನ ಟ್ಯಾಂಕಿ ಅಥವಾ ಪೈಪು ಒಡೆಯುವುದು, ಹೀಗೆ ಪಟ್ಟಿ ಮಾಡಿದ ಅಪಾಯಗಳಿಗೆ ಮಾತ್ರ ದುಡ್ಡು. ಆ ಪಟ್ಟಿಯಲ್ಲಿ ಗೆದ್ದಲು ಇಲ್ಲ. ನಿಧಾನವಾಗಿ ಆಗುವ ಹಾಳು ವಿಮೆಯ ಲೆಕ್ಕಕ್ಕೆ ಬರುವುದಿಲ್ಲ.

ಆದರೂ ಕರಾವಳಿಯಲ್ಲಿ ಒಂದು ಅಡ್ಡದಾರಿ ಇದೆ. ಅಡ್ಡದಾರಿ ಎಂದರೆ ಮೋಸ ಅಲ್ಲ. ಹೆಂಚಿನ ಮನೆಯ ಪಕ್ಕಾಸು, ರೀಪು (ಹೆಂಚು ಹೊರುವ ಮರಗಳು) ಗೆದ್ದಲು ಹಿಡಿದು ಸೊರಗಿರುತ್ತವೆ. ಜೂನ್-ಜುಲೈಯ ಗಾಳಿಗೆ ಮಾಡು (ಛಾವಣಿ) ಕುಸಿಯುತ್ತದೆ. ಬಿದ್ದದ್ದು ಬಿರುಗಾಳಿಗೆ, ಬಿರುಗಾಳಿ ಪಟ್ಟಿಯಲ್ಲಿದೆ. ವಿಮಾ ಕಂಪನಿಯ ಸರ್ವೇಯರ್ ಬಂದು ಮರ ನೋಡಿ "ಇದು ಗೆದ್ದಲಿನಿಂದ" ಎನ್ನಬಹುದು. ಆಗ ಅದೇ ರಾತ್ರಿ ಅಕ್ಕಪಕ್ಕದಲ್ಲಿ ಹಾರಿದ ಹೆಂಚು, ಬಿದ್ದ ತೆಂಗಿನಮರ, ಮರುದಿನದ ಪೇಪರ್ ಸುದ್ದಿ ನಿಮ್ಮ ಪರವಾಗಿ ನಿಲ್ಲುತ್ತವೆ. ಪೂರ್ತಿ ಸಿಗದಿದ್ದರೂ ಒಂದು ಪಾಲು ಸಿಗುವ ಸಾಧ್ಯತೆ ಇದೆ. ಗೆದ್ದಲು ತಿಂದ ಭಾಗವನ್ನು ಮುಚ್ಚಿಡಲು ಹೋಗಬೇಡಿ. ಸಿಕ್ಕಿಬಿದ್ದರೆ ಇಡೀ ಕ್ಲೇಮು ಹೋಗುತ್ತದೆ.

ವಿಮಾ ಕಂಪನಿ ಒಪ್ಪದಿದ್ದರೆ ಮೊದಲು ಅವರಿಗೇ ಬರವಣಿಗೆಯಲ್ಲಿ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರಿಗೆ, ಅಂದರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಅರ್ಜಿ. ಒಂದು ವರ್ಷದ ಒಳಗೆ ಹಾಕಬೇಕು. ಫೀಸ್ ಇಲ್ಲ, ವಕೀಲರೂ ಬೇಡ.

ಮಾಡು ಬಿದ್ದ ಮನೆಯವರು ಗ್ರಾಮ ಆಡಳಿತಾಧಿಕಾರಿಗೆ ಅಥವಾ ತಹಶೀಲ್ದಾರರ ಕಚೇರಿಗೆ ಕೂಡಲೇ ತಿಳಿಸಿ, ಮಳೆಹಾನಿ ಪರಿಹಾರಕ್ಕೆ ಅರ್ಜಿ ಕೊಡಿ. ಅದೂ ಗಾಳಿಮಳೆಯ ಲೆಕ್ಕದಲ್ಲಿ ಮಾತ್ರ, ಗೆದ್ದಲಿನ ಲೆಕ್ಕದಲ್ಲಿ ಅಲ್ಲ.

3. ಮದ್ದು ಹೊಡೆದ ಕಂಪನಿ

ನಿಜವಾದ ಹೋರಾಟ ಇಲ್ಲಿ. ವಾರಂಟಿ ಕಾರ್ಡನ್ನು ಕನ್ನಡಕ ಹಾಕಿಕೊಂಡು ಓದಿ. ಹೆಚ್ಚಿನ ಕಾರ್ಡುಗಳಲ್ಲಿ ಇರುವುದು ಇಷ್ಟೇ: ಗೆದ್ದಲು ಮತ್ತೆ ಬಂದರೆ ಪುಕ್ಕಟೆ ಮತ್ತೊಮ್ಮೆ ಮದ್ದು ಹೊಡೆಯುತ್ತೇವೆ. ತಿಂದ ಬಾಗಿಲಿನ ಮಾತು ಇರುವುದಿಲ್ಲ, ಅಥವಾ "ಅದಕ್ಕೆ ನಾವು ಹೊಣೆಯಲ್ಲ" ಎಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಮೆರಿಕದಲ್ಲಿ ಟರ್ಮೈಟ್ ಬಾಂಡ್ ಎಂಬ ಕರಾರು ಇದೆ. ಅದರಲ್ಲೂ ಮರುಮದ್ದಿಗೆ ಮಾತ್ರ ಇರುವುದು ಒಂದು ಬಗೆ, ರಿಪೇರಿ ಖರ್ಚೂ ಕೊಡುವುದು ಇನ್ನೊಂದು ಬಗೆ. ನಮ್ಮಲ್ಲಿ ಎರಡನೆಯದನ್ನು ಕೇಳಿ ಬರೆಸಿಕೊಳ್ಳುವವರೇ ಕಡಿಮೆ.

ಹಾಗಾದರೆ ರಿಪೇರಿ ಖರ್ಚು ಕೇಳುವಂತೆಯೇ ಇಲ್ಲವಾ? ಇದೆ. ವಾರಂಟಿಯ ಮಾತು ಬೇರೆ, ಕೆಲಸವನ್ನೇ ಸರಿಯಾಗಿ ಮಾಡಿಲ್ಲ ಎಂಬ ಮಾತು ಬೇರೆ. ಎರಡನೆಯದು ಸೇವಾ ನ್ಯೂನತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ಪರಿಹಾರ ಕೇಳಬಹುದು.

ಕೆಲಸ ಸರಿ ಮಾಡಿದ್ದಾರಾ ಎಂದು ತಿಳಿಯುವುದು ಹೇಗೆ? ಕಟ್ಟಡಗಳ ಗೆದ್ದಲು ನಿಯಂತ್ರಣಕ್ಕೆ ಐಎಸ್ 6313 ಎಂಬ ಭಾರತೀಯ ಮಾನದಂಡ ಇದೆ. ಅದರ ಎರಡನೇ ಭಾಗ ಮನೆ ಕಟ್ಟುವಾಗಿನ ಮದ್ದಿಗೆ, ಮೂರನೇ ಭಾಗ ಕಟ್ಟಿದ ಮನೆಗೆ. ಕಟ್ಟುವಾಗಿನ ಮದ್ದು ಒಂದೇ ದಿನದ ಕೆಲಸ ಅಲ್ಲ. ಪಾಯದ ಹೊಂಡದ ತಳ ಮತ್ತು ಬದಿ, ಮತ್ತೆ ತುಂಬಿಸುವ ಮಣ್ಣು, ಕಾಂಕ್ರೀಟು ಹಾಕುವ ಮೊದಲು ಪಂಚಾಂಗದ ಒಳಗಿನ ಮಣ್ಣು, ಕೊನೆಗೆ ಮನೆಯ ಸುತ್ತ, ಹೀಗೆ ಹಂತ ಹಂತವಾಗಿ ಹೊಡೆಯಬೇಕು. ನಮ್ಮಲ್ಲಿಗೆ ಅವರು ಬಂದದ್ದು ಒಂದೇ ಸಲ, ಒಂದು ಸಂಜೆ, ಒಂದು ಕ್ಯಾನು ಹಿಡಿದುಕೊಂಡು. ಆಗ ನನಗೇನು ಗೊತ್ತು.

ಅದಕ್ಕೇ ಕಂಪನಿಗೆ ಬರೆಯುವ ಮೊದಲ ಪತ್ರದಲ್ಲೇ ಕೇಳಿ: ಯಾವ ಮದ್ದು, ಎಷ್ಟು ಲೀಟರು, ಯಾವ್ಯಾವ ದಿನ, ಯಾರು ಹೊಡೆದದ್ದು, ಕೆಲಸದ ಕಾರ್ಡಿನ ಪ್ರತಿ ಕೊಡಿ. ಕ್ಲೋರೋಪೈರಿಫಾಸ್, ಇಮಿಡಾಕ್ಲೋಪ್ರಿಡ್, ಬೈಫೆನ್‌ಥ್ರಿನ್, ಹೀಗೆ ಹೆಸರಾದರೂ ಹೇಳಬೇಕಲ್ಲ. ಕೊಡಲಿಲ್ಲ ಎಂದರೆ ಅದೂ ನಿಮಗೆ ಒಂದು ಅಂಶ.

ಅವರು ಏನು ಹೇಳುತ್ತಾರೆ ಎಂದು ಮೊದಲೇ ಗೊತ್ತಿರಲಿ. "ವರ್ಷಕ್ಕೊಮ್ಮೆ ಪರಿಶೀಲನೆ ಮಾಡಿಸಿಲ್ಲ, ವಾರಂಟಿ ಹೋಯಿತು." ನಮಗೂ ಹೀಗೇ ಅಂದರು. ಕಾರ್ಡು ನೋಡಿದರೆ "ಕಂಪನಿಯಿಂದ ವಾರ್ಷಿಕ ಉಚಿತ ತಪಾಸಣೆ" ಎಂದಿತ್ತು. ಬರಬೇಕಾದವರು ಅವರು, ಕರೆಯಬೇಕಾದವನು ನಾನಲ್ಲ. ಅಲ್ಲಿಗೆ ಅವರ ಸ್ವರ ಇಳಿಯಿತು. ಎರಡನೆಯದು, "ನೀವು ಪೈಪು ಹಾಕಲು ನೆಲ ಅಗೆದಿರಿ, ಮದ್ದಿನ ಪದರ ತುಂಡಾಯಿತು." ಇದು ನಿಜವಾಗಿದ್ದರೆ ನಿಮ್ಮ ಕೇಸು ಸೊರಗುತ್ತದೆ, ಸುಳ್ಳು ಹೇಳಬೇಡಿ. ಮೂರನೆಯದು, ಗೋಡೆಗೆ ತಾಗಿಸಿ ಪೇರಿಸಿಟ್ಟ ಸೌದೆ, ತೆಂಗಿನ ಸಿಪ್ಪೆ, ಮಡಲು. ಬಚ್ಚಲಿನ ಹಂಡೆಗೆ ಇನ್ನೂ ಬೆಂಕಿ ಹಾಕುವ ಮನೆಗಳಲ್ಲಿ ಇದು ಇದ್ದೇ ಇರುತ್ತದೆ. ಫೋಟೊ ತೆಗೆಯುವ ಮೊದಲು ಎತ್ತಿಡಿ ಎಂದು ನಾನು ಹೇಳುವುದಿಲ್ಲ. ಇನ್ನು ಮುಂದೆ ಅಲ್ಲಿ ಇಡಬೇಡಿ ಎಂದಷ್ಟೇ ಹೇಳುತ್ತೇನೆ.

ಹುತ್ತದ ವಿಷಯವೂ ಬರುತ್ತದೆ. ಕಂಪೌಂಡಿನ ಮೂಲೆಯಲ್ಲಿ ಹುತ್ತ ಇದ್ದರೆ ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ, ನಾಗನ ಜಾಗ ಎಂದು. ಕಂಪನಿಯವರು ಅದನ್ನೇ ನೆಪ ಮಾಡುತ್ತಾರೆ. ಮನೆಯ ಸುತ್ತ ಮಣ್ಣಿಗೆ ಮದ್ದು ಹೊಡೆಯಲು ಹುತ್ತ ಒಡೆಯಬೇಕೆಂದಿಲ್ಲ. ಕೆಲಸ ಒಪ್ಪಿಕೊಳ್ಳುವಾಗ ಹುತ್ತ ಕಣ್ಣೆದುರೇ ಇತ್ತು ಎಂದು ನೆನಪಿಸಿ.

4. ಬಿಲ್ಡರ್, ಕಂಟ್ರಾಕ್ಟರ್, ಪ್ಲೈವುಡ್, ಮನೆ ಮಾರಿದವರು

ಫ್ಲ್ಯಾಟ್ ಆದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14ನೇ ಕಲಂ ನೋಡಿ. ಕೈಗೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದಲ್ಲಿ, ಗುಣಮಟ್ಟದಲ್ಲಿ ದೋಷ ಕಂಡು ನೀವು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿ ಮಾಡಬೇಕು, ಇಲ್ಲದಿದ್ದರೆ ಪರಿಹಾರ ಕೊಡಬೇಕು. ಕರಾರುಪತ್ರದಲ್ಲೋ ಬ್ರೋಷರಿನಲ್ಲೋ ಗೆದ್ದಲು ನಿರೋಧಕ ಮದ್ದು ಎಂದು ಬರೆದಿದ್ದರೆ ನಿಮ್ಮ ಕೈ ಗಟ್ಟಿ. ದೂರು ಕರ್ನಾಟಕ ರೇರಾದ ವೆಬ್‌ಸೈಟಿನಲ್ಲೇ ಹಾಕಬಹುದು. 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಫ್ಲ್ಯಾಟ್ ಮೀರದ ಯೋಜನೆಗಳಿಗೆ ರೇರಾ ನೋಂದಣಿ ಕಡ್ಡಾಯ ಇಲ್ಲ. ಮಂಗಳೂರು, ಮಣಿಪಾಲದ ಒಳರಸ್ತೆಗಳಲ್ಲಿ ಅಂಥವೂ ಇವೆ. ಆಗ ಗ್ರಾಹಕ ಆಯೋಗಕ್ಕೆ ಹೋಗಿ. ರೇರಾ ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗೆದ್ದಲು ನೆಲಮಹಡಿಗೆ ಮಾತ್ರ ಎಂದುಕೊಳ್ಳಬೇಡಿ. ವಯರಿನ ಪೈಪು, ನೀರಿನ ಡಕ್ಟು ಹಿಡಿದು ಮೇಲಿನ ಮಹಡಿಗೂ ಹೋಗುತ್ತದೆ. ಡಕ್ಟು, ಕೆಳಗಿನ ಮಣ್ಣು ಎಲ್ಲರ ಸೊತ್ತು. ಅದರ ಮದ್ದಿನ ಖರ್ಚು ಅಸೋಸಿಯೇಶನ್ ಹಾಕಬೇಕು ಎಂದು ಪತ್ರ ಕೊಡಿ.

ಸ್ವಂತ ಜಾಗದಲ್ಲಿ ಕಂಟ್ರಾಕ್ಟರಿಗೆ ಕೊಟ್ಟು ಕಟ್ಟಿಸಿದ ಮನೆಗೆ ರೇರಾ ಬರುವುದಿಲ್ಲ. ಆದರೆ ಮನೆ ಕಟ್ಟಿಕೊಡುವುದೂ ಗ್ರಾಹಕ ಕಾಯ್ದೆಯಲ್ಲಿ ಒಂದು ಸೇವೆ. ಎಸ್ಟಿಮೇಟಿನಲ್ಲಿ ಗೆದ್ದಲಿನ ಮದ್ದಿಗೆ ಪ್ರತ್ಯೇಕ ಸಾಲು ಇದೆಯಾ ನೋಡಿ. ಇದ್ದು, ಕೆಲಸ ಆಗಿಲ್ಲದಿದ್ದರೆ ಕೇಳಿ. ಆ ಸಾಲೇ ಇಲ್ಲದಿದ್ದರೆ ಆ ದುಡ್ಡು ಉಳಿಸಿದವರು ನೀವೇ, ಜಗಳದಿಂದ ಹೆಚ್ಚು ಸಿಗಲಾರದು.

ಪ್ಲೈವುಡ್ಡಿಗೆ ಕೆಲವು ಕಂಪನಿಗಳು ಗೆದ್ದಲು-ಬೋರರ್ ವಾರಂಟಿ ಕೊಡುತ್ತವೆ. ಹಾಳೆಯ ಮೇಲಿನ ಐಎಸ್‌ಐ ಗುರುತು, ಐಎಸ್ 710 ಅಥವಾ 303 ಎಂಬ ಪ್ಲೈವುಡ್ ಮಾನದಂಡದ ಮುದ್ರೆ, ಅಂಗಡಿಯ ಜಿಎಸ್‌ಟಿ ಬಿಲ್ಲು ಇದ್ದರೆ ಮಾತ್ರ ಮಾತಾಡಬಹುದು. ಮುದ್ರೆ ಇರುವ ತುಂಡನ್ನು ಬಿಸಾಡಬೇಡಿ. ಹಾಳೆ ಬದಲಿಸಿ ಕೊಟ್ಟರೂ ಕೂಲಿ, ಲ್ಯಾಮಿನೇಟ್ ಕೊಡುವುದು ಅಪರೂಪ. ಕಪಾಟಿಗೆ ಕೂಲಿಯೇ ಜಾಸ್ತಿ, ಅಲ್ವಾ?

ಹಳೇ ಮನೆ ಖರೀದಿಸಿದವರಿಗೆ ದಾರಿ ಕಷ್ಟದ್ದು. ಒಬ್ಬರು ಇನ್ನೊಬ್ಬರಿಗೆ ಮನೆ ಮಾರುವುದು ಗ್ರಾಹಕ ಆಯೋಗದ ವಿಷಯ ಅಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ತನಗೆ ಗೊತ್ತಿರುವ ಆದರೆ ಕೊಳ್ಳುವವರಿಗೆ ಸಾಮಾನ್ಯ ಎಚ್ಚರಿಕೆಯಲ್ಲಿ ಕಾಣದ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು. ಪುಟ್ಟಿ ತುಂಬಿ ಹೊಸ ಪೈಂಟ್ ಬಳಿದ ಗುರುತು, ಅವರು ಮೊದಲು ಮದ್ದು ಹೊಡೆಸಿದ ಬಿಲ್ಲು ಸಿಕ್ಕರೆ ಸಿವಿಲ್ ಕೋರ್ಟಿಗೆ ಹೋಗಬಹುದು. ಆದರೆ ವರ್ಷಗಟ್ಟಲೆ ಎಳೆಯುತ್ತದೆ. ಕೆಲವು ಸಾವಿರದ ನಷ್ಟಕ್ಕೆ ಇದು ಬೇಡ, ಮಾತಾಡಿ ಮುಗಿಸಿ ಎಂಬುದು ನನ್ನ ಅಭಿಪ್ರಾಯ. ಮಾಡೇ ಹೋಗಿದ್ದರೆ ವಕೀಲರನ್ನು ನೋಡಿ.

5. ನೋಟಿಸು, 1915, ಆಮೇಲೆ ಆಯೋಗ

ಮೊದಲು ಒಂದು ಪತ್ರ. ಕನ್ನಡದಲ್ಲೇ ಬರೆಯಿರಿ. ಯಾವ ದಿನ ಎಷ್ಟು ಕೊಟ್ಟಿರಿ, ಯಾವ ದಿನ ಏನು ಕಂಡಿತು, ಎಷ್ಟು ನಷ್ಟ, ಏನು ಬೇಕು, 15 ದಿನ ಗಡುವು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಇಮೇಲ್, ವಾಟ್ಸಾಪ್ ಎರಡರಲ್ಲೂ ಕಳಿಸಿ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಖರ್ಚಿಲ್ಲ. ಅವರಿಗೆ ತೀರ್ಪು ಕೊಡುವ ಅಧಿಕಾರ ಇಲ್ಲ, ಕಂಪನಿಗೆ ದೂರು ದಾಟಿಸುತ್ತಾರೆ ಅಷ್ಟೆ. ದೊಡ್ಡ ಕಂಪನಿಗಳು ಇದಕ್ಕೆ ಬಗ್ಗುವುದುಂಟು. ಊರಿನ ಸಣ್ಣ ಏಜೆನ್ಸಿಯವರು ಕ್ಯಾರೇ ಅನ್ನದೆಯೂ ಇರಬಹುದು.

ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಮಂಗಳೂರಿನಲ್ಲೂ ಉಡುಪಿಯಲ್ಲೂ ಇದೆ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿದ್ದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆನ್‌ಲೈನಿನಲ್ಲಿ ಇ-ಜಾಗೃತಿ ಪೋರ್ಟಲ್ ಇದೆ. ವಕೀಲರು ಕಡ್ಡಾಯ ಅಲ್ಲ.

ಇಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ವಿಷಯ. ಯಾವ ಆಯೋಗ, ಎಷ್ಟು ಫೀಸ್ ಎಂಬುದು ನೀವು ಕೇಳುವ ಪರಿಹಾರದ ಮೇಲೆ ಇಲ್ಲ, ನೀವು ಆ ಸೇವೆಗೆ ಕೊಟ್ಟ ದುಡ್ಡಿನ ಮೇಲೆ ಇದೆ. ಕೊಟ್ಟದ್ದು 5 ಲಕ್ಷದವರೆಗೆ ಇದ್ದರೆ ಫೀಸೇ ಇಲ್ಲ. ಮದ್ದಿಗೆ 20 ಸಾವಿರ ಕೊಟ್ಟು 3 ಲಕ್ಷದ ನಷ್ಟ ಕೇಳಿದರೂ ಸೊನ್ನೆ. ಆದರೆ 60 ಲಕ್ಷ ಕೊಟ್ಟು ಕೊಂಡ ಫ್ಲ್ಯಾಟಿನ ವಿಷಯದಲ್ಲಿ ಬಿಲ್ಡರ್ ಮೇಲೆ ಹೋಗುವುದಾದರೆ 50 ಲಕ್ಷ ಮೀರಿತು, ರಾಜ್ಯ ಆಯೋಗಕ್ಕೆ ಹೋಗಬೇಕು.

ಗಡುವು ಎರಡು ವರ್ಷ. ಗೆದ್ದಲು ಕಂಡ ದಿನದಿಂದಲೇ ಲೆಕ್ಕ ಎಂದುಕೊಂಡು ನಡೆಯಿರಿ. ಕಂಪನಿಯವರು "ನೋಡುವ, ಮಾಡುವ" ಎನ್ನುತ್ತಾ ದಿನ ದೂಡುತ್ತಾರೆ, ದಿನ ಹೋಗುವುದು ನಿಮ್ಮದು. ಮುಂಬೈಯಲ್ಲೋ ಗಲ್ಫಿನಲ್ಲೋ ಇದ್ದು ಊರಿನ ಮನೆಗೆ ಬೀಗ ಹಾಕಿದವರಿಗೆ ಇದು ಇನ್ನೂ ಮುಖ್ಯ. ದೈವದ ನೇಮಕ್ಕೋ ಮದುವೆಗೋ ಬಂದು ಬಾಗಿಲು ತೆರೆದಾಗಲೇ ಗೊತ್ತಾಗುವುದು. ರಜೆ ಮುಗಿಯುವ ಮೊದಲು ಫೋಟೊ, ವರದಿ, ಪತ್ರ ಮೂರನ್ನೂ ಮುಗಿಸಿ, ಊರಲ್ಲಿರುವ ಒಬ್ಬರಿಗೆ ಅಧಿಕಾರಪತ್ರ ಕೊಟ್ಟು ಹೋಗಿ. ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಲು ಕಾಯ್ದೆಯಲ್ಲೇ ಅವಕಾಶ ಇದೆ.

ಎಷ್ಟು ಕೇಳಬೇಕು? ರಿಪೇರಿ ಬಿಲ್ಲು, ಎಂಜಿನಿಯರ್ ಫೀಸ್, ಮದ್ದಿಗೆ ಕೊಟ್ಟ ದುಡ್ಡು, ಓಡಾಟದ ಖರ್ಚು, ಮೇಲೆ ಸ್ವಲ್ಪ ಮಾನಸಿಕ ಕಿರುಕುಳಕ್ಕೆ. ಹತ್ತು ವರ್ಷ ಹಳೆಯ ಕಪಾಟಿಗೆ ಹೊಸದರ ಬೆಲೆ ಕೇಳಿದರೆ ಉಳಿದ ಲೆಕ್ಕವನ್ನೂ ನಂಬುವುದಿಲ್ಲ. ದುಡ್ಡಿನ ತೊಂದರೆ ಇದ್ದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ.

ನಮ್ಮದು ಆಯೋಗದವರೆಗೆ ಹೋಗಲಿಲ್ಲ. ಎಸ್ಟಿಮೇಟು 86 ಸಾವಿರ ಆಗಿತ್ತು. ಎರಡನೇ ಪತ್ರ ಹೋದ ಮೇಲೆ ಅವರ ಮ್ಯಾನೇಜರ್ ಮನೆಗೇ ಬಂದರು. ಪುಕ್ಕಟೆ ಮರುಮದ್ದು, ಜೊತೆಗೆ 40 ಸಾವಿರ. ಭಾವ "ಇನ್ನೂ ಎಳೆ" ಎಂದರು. ನನಗೆ ಸಾಕಾಗಿತ್ತು, ಒಪ್ಪಿದೆ. ರಾಜಿ ಮಾಡುವವರು ದುಡ್ಡು ಖಾತೆಗೆ ಬಂದ ಮೇಲೆಯೇ "ಇನ್ನು ಯಾವ ತಕರಾರೂ ಇಲ್ಲ" ಎಂಬ ಕಾಗದಕ್ಕೆ ಸಹಿ ಹಾಕಿ, ಮೊದಲಲ್ಲ.

6. ಉಳಿದದ್ದು

ತೆರಿಗೆಯಲ್ಲಿ ಹೆಚ್ಚು ಸಿಗುವುದಿಲ್ಲ. ಬಾಡಿಗೆ ಮನೆಯ ಆದಾಯದಲ್ಲಿ ರಿಪೇರಿಗೆಂದು ಶೇ. 30 ಹೇಗೂ ಕಳೆಯುತ್ತಾರೆ, ನಿಜವಾದ ಖರ್ಚು ಎಷ್ಟಾದರೂ ಅಷ್ಟೇ. ಸ್ವಂತ ವಾಸದ ಮನೆಯ ರಿಪೇರಿಗೆ ಸಾಲ ಮಾಡಿದ್ದರೆ ಹಳೇ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗೆ ಬಡ್ಡಿಗೆ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಇಲ್ಲ.

ಮರುಮದ್ದು ಹೊಡೆಸುವಾಗ ಎದುರು ನಿಂತು ನೋಡಿ. ಗೋಡೆ-ನೆಲ ಸೇರುವಲ್ಲಿ ಸಾಲಾಗಿ ತೂತು ಕೊರೆದು ಮದ್ದು ಇಳಿಸುತ್ತಾರೆ. ಹೊರಗೂ ಒಳಗೂ ಆಗಬೇಕು, ಮಂಚ, ಕಪಾಟು ಸರಿಸಿ ಕೊಡಿ. ಹೊಸ ವಾರಂಟಿ ಕಾರ್ಡಿನಲ್ಲಿ ಎರಡು ಸಾಲು ಕೈಯಲ್ಲೇ ಬರೆಸಿ ಸಹಿ, ಸೀಲು ಹಾಕಿಸಿ: ವಾರ್ಷಿಕ ತಪಾಸಣೆಗೆ ಬರುವ ಹೊಣೆ ಕಂಪನಿಯದು, ವಾರಂಟಿ ಅವಧಿಯಲ್ಲಿ ಗೆದ್ದಲು ಬಂದರೆ ಮರದ ರಿಪೇರಿಗೆ ಇಷ್ಟು ಸಾವಿರದವರೆಗೆ ಕೊಡುತ್ತೇವೆ. ಮೊದಲು ಆಗುವುದಿಲ್ಲ ಎನ್ನುತ್ತಾರೆ. ಪಕ್ಕದ ಏಜೆನ್ಸಿಯ ಕೊಟೇಶನ್ ಮೇಜಿನ ಮೇಲೆ ಇಟ್ಟರೆ ಮೊತ್ತ ಇಳಿಸಿಯಾದರೂ ಬರೆಯುತ್ತಾರೆ. ನಮಗೆ 25 ಸಾವಿರದವರೆಗೆ ಬರೆದುಕೊಟ್ಟರು. ಆ ಕಾರ್ಡಿನ ಫೋಟೊ ಮಗಳ ಇಮೇಲಿನಲ್ಲಿದೆ, ಅಸಲು ಕಬ್ಬಿಣದ ಕಪಾಟಿನಲ್ಲಿದೆ.